ಭೂಪಟದ ನೇರಗೆರೆಯೂ ವಿಮಾನದ ದಾರಿಯೂ

ಭೂಪಟದ ಮೇಲೆ ಅಡಿಪಟ್ಟಿಯಿಟ್ಟು ಎಳೆದ ಗೆರೆಯೇ ಎರಡು ಊರುಗಳ ನಡುವಿನ ಅತಿ ಹತ್ತಿರದ ದಾರಿ ಎಂಬ ನಂಬಿಕೆ ಓದುಬಲ್ಲವರಲ್ಲಿಯೂ ಬೇರೂರಿದೆ. ಗ್ರೀನ್‌ವಿಚ್ ರೇಖಾಂಶವನ್ನು ನಡುವಿಗಿಟ್ಟ ಮರ್ಕೇಟರ್ ಮಾದರಿಯ ಪಟದಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅಂಥ ಗೆರೆ ಎಳೆದರೆ, ಅದು ಅರಬ್ಬೀ ಸಮುದ್ರ, ಸಹಾರಾ ಮರುಭೂಮಿ ಮತ್ತು ಅಟ್ಲಾಂಟಿಕ್ ಸಾಗರಗಳನ್ನು ದಾಟಿ ಸುಮಾರು 20,000 ಕಿ.ಮೀ. ಉದ್ದವಾಗುತ್ತದೆ. ವಾಸ್ತವದ ಕನಿಷ್ಠ ದೂರ ಸುಮಾರು 14,000 ಕಿ.ಮೀ. ಮಾತ್ರ. ಮರ್ಕೇಟರ್ 1569ರಲ್ಲಿ ಆ ಪಟವನ್ನು ರೂಪಿಸಿದ್ದು ನಾವಿಕರು ದಿಕ್ಕು ತಪ್ಪದಿರಲೆಂದೇ ಹೊರತು ದೂರ ಅಳೆಯಲೆಂದಲ್ಲವಾದ್ದರಿಂದ, ಈ ತಪ್ಪನ್ನು ಅವನ ಮೇಲೆ ಹೊರಿಸುವುದು ನ್ಯಾಯವಲ್ಲ.

ಗೋಳದ ಮೇಲಿನ ಕನಿಷ್ಠ ದೂರವನ್ನು ಮಹಾವೃತ್ತದ, ಅಂದರೆ ಭೂಮಿಯ ಕೇಂದ್ರದ ಮೂಲಕ ಹಾಯ್ದು ಅದನ್ನು ಸಮವಾಗಿ ಇಬ್ಭಾಗಿಸುವ ಸಮತಲವು ಮೇಲ್ಮೈಯಲ್ಲಿ ಮೂಡಿಸುವ ವೃತ್ತದ, ಕಂಸದಿಂದ ಅಳೆಯಲಾಗುತ್ತದೆ. ಇಷ್ಟನ್ನು ಬಲ್ಲವರು ಇನ್ನೊಂದು ತಪ್ಪಿಗೆ ಬೀಳುವುದುಂಟು: ಈ ನಗರಗಳು ಭೂಮಿಯ ಎದುರುಬದುರು ಮಗ್ಗುಲುಗಳಲ್ಲಿರುವುದರಿಂದ ಹತ್ತಿರದ ದಾರಿ ಉತ್ತರ ಧ್ರುವದ ಮೇಲೆಯೇ ಹೋಗಬೇಕೆಂದು ಅವರು ತಿಳಿಯುತ್ತಾರೆ. ಇವೆರಡರ ರೇಖಾಂಶಗಳ ಅಂತರ 180 ಡಿಗ್ರಿಯಲ್ಲ, ಸುಮಾರು 160 ಡಿಗ್ರಿ. ಆದಕಾರಣ ಮಹಾವೃತ್ತವು ನೇಪಾಳ, ಟಿಬೆಟ್, ಸೈಬೀರಿಯಾಗಳ ಮೇಲೆ ಹಾದು, ಸುಮಾರು 71 ಡಿಗ್ರಿ ಉತ್ತರ ಅಕ್ಷಾಂಶವನ್ನು ಮುಟ್ಟಿ, ಅಲ್ಲಿಂದ ಅಲಾಸ್ಕಾದ ಕಡೆಗೆ ಇಳಿಯುತ್ತದೆ.

ಆದರೆ ವಿಮಾನಗಳು ಈ ಗೆರೆಯನ್ನೂ ಚಾಚೂ ತಪ್ಪದೆ ಅನುಸರಿಸುವುದಿಲ್ಲ. 2021ರ ಜನವರಿಯಲ್ಲಿ ಝೋಯಾ ಅಗರ್ವಾಲ್ ನೇತೃತ್ವದ ಮಹಿಳಾ ಪೈಲಟ್‌ಗಳ ತಂಡವು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ತಂದ ಏರ್ ಇಂಡಿಯಾದ ಮೊದಲ ನೇರ ವಿಮಾನವು ಧ್ರುವದ ಮೇಲೆಯೇ ಹಾರಿ, ಸುಮಾರು 16,000 ಕಿ.ಮೀ. ಕ್ರಮಿಸಿತು. ದಾರಿ ಹೀಗೆ ಬಳಸಾಗಲು ಕಾರಣಗಳು ಹಲವು. ವಿಮಾನದೊಳಗಿನ ವಾಯುಒತ್ತಡ ಕುಸಿದರೆ ಪೈಲಟ್ ಸುಮಾರು 10,000 ಅಡಿಗೆ, ಎಂದರೆ 3,000 ಮೀಟರ್‌ಗೆ, ಬೇಗನೆ ಇಳಿಯಬೇಕು. ಪ್ರಯಾಣಿಕರ ತಲೆಯ ಮೇಲಿಂದ ಜೋತುಬೀಳುವ ಮುಖವಾಡಗಳ ಆಮ್ಲಜನಕ ಸಾಮಾನ್ಯವಾಗಿ ಕೆಲವೇ ನಿಮಿಷಗಳದ್ದು. ಟಿಬೆಟ್ಟಿನ ನೆಲವೇ ಸರಾಸರಿ 4,500 ಮೀಟರ್‌ಗೂ ಮೇಲಿರುವಾಗ ಇಳಿಯುವುದಾದರೂ ಎಲ್ಲಿಗೆ? ದೇಶಗಳು ತಮ್ಮ ವಾಯುಪ್ರದೇಶವನ್ನು ಮುಚ್ಚುವುದು ಬೇರೆ ಮಾತು.

ಭೂಮಿ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮಕ್ಕೆ ಹೋಗುವ ವಿಮಾನಕ್ಕೆ ಊರೇ ಎದುರಾಗಿ ಬರುತ್ತದೆಂಬ ಮಾತೂ ಪೊಳ್ಳು, ಏಕೆಂದರೆ ವಾತಾವರಣವೂ ಭೂಮಿಯೊಂದಿಗೇ ತಿರುಗುತ್ತದೆ. ಲೆಕ್ಕಕ್ಕೆ ಬರುವುದು ಜೆಟ್ ಸ್ಟ್ರೀಮ್, ಎಂದರೆ ಸುಮಾರು 10 ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ರಭಸದಿಂದ ಬೀಸುವ ಗಾಳಿಯ ಪ್ರವಾಹ. 2016ರ ಅಕ್ಟೋಬರ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಏರ್ ಇಂಡಿಯಾ ವಿಮಾನವು ಅಟ್ಲಾಂಟಿಕ್ ಬಿಟ್ಟು, ಈ ಗಾಳಿಯ ಜೊತೆಗೇ ಪೂರ್ವಕ್ಕೆ ಸಾಗುವ ಪೆಸಿಫಿಕ್ ದಾರಿ ಹಿಡಿದು, ಸುಮಾರು 1,400 ಕಿ.ಮೀ. ಹೆಚ್ಚು ಹಾರಿಯೂ, ಹಳೆಯ ದಾರಿಗಿಂತ ಹೆಚ್ಚುಕಡಿಮೆ ಎರಡು ಗಂಟೆ ಮೊದಲೇ, 14.5 ಗಂಟೆಗಳಲ್ಲಿ ತಲುಪಿತು.