ತೀನ್ ಪತ್ತಿ ಬಂದರೆ ಪೋಕರ್ ಬಂದ ಹಾಗೆಯೇ? ಹೊಸಬರು ತಿಳಿಯಬೇಕಾದ ಎಲೆಗಳ ಲೆಕ್ಕ

ಯುಗಾದಿ ಬಂತೆಂದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಕಡೆಯ ಊರುಗಳಲ್ಲಿ ಬೇವುಬೆಲ್ಲ, ಹೊಸತೊಡಕಿನ ಜೊತೆಗೆ ಇಸ್ಪೀಟಿನ ಕಟ್ಟೂ ಹೊರಗೆ ಬರುತ್ತದೆ. ಅಂದರ್ ಬಾಹರ್, ರಮ್ಮಿ, ತೀನ್ ಪತ್ತಿ ಇಲ್ಲಿ ಹಳೆಯ ಹೆಸರುಗಳು. ಈಚಿನ ವರ್ಷಗಳಲ್ಲಿ ಮೊಬೈಲ್ ಮೂಲಕ ಇನ್ನೊಂದು ಹೆಸರು ಸೇರಿದೆ: ಪೋಕರ್. "ಅದೇನು ಮಹಾ, ತೀನ್ ಪತ್ತಿಯ ಅಣ್ಣ ಅಷ್ಟೇ" ಎನ್ನುವವರಿದ್ದಾರೆ. "ಅದು ಬುದ್ಧಿಯ ಆಟ, ಕಲಿತರೆ ದುಡ್ಡು ಗ್ಯಾರಂಟಿ" ಎನ್ನುವವರೂ ಇದ್ದಾರೆ. ಇವೆರಡರಲ್ಲಿ ನಿಜವೆಷ್ಟು ಎಂದು ಲೆಕ್ಕ ಹಾಕಿಯೇ ನೋಡೋಣ.

ಆಟ ನಡೆಯುವುದು ಹೇಗೆ?

ಹೆಚ್ಚು ಜನ ಆಡುವ ಪೋಕರ್ ಬಗೆಯ ಹೆಸರು ಟೆಕ್ಸಾಸ್ ಹೋಲ್ಡೆಮ್. ಪ್ರತಿಯೊಬ್ಬರಿಗೂ ಎರಡು ಎಲೆ ಗುಟ್ಟಾಗಿ ಸಿಗುತ್ತವೆ. ನಂತರ ಐದು ಎಲೆಗಳನ್ನು ನಡುವೆ ಎಲ್ಲರಿಗೂ ಕಾಣುವಂತೆ ಇಡುತ್ತಾರೆ: ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ನಮ್ಮ ಎರಡು, ನಡುವಿನ ಐದು, ಒಟ್ಟು ಏಳರಲ್ಲಿ ಅತ್ಯುತ್ತಮ ಐದನ್ನು ಆರಿಸಿ ಜೋಡಿಸಿಕೊಳ್ಳಬೇಕು.

ಪಣ ಕಟ್ಟುವ ಸುತ್ತು ನಾಲ್ಕು. ಕೈಯಲ್ಲಿ ಎರಡೇ ಎಲೆ ಇದ್ದಾಗ ಒಂದು, ನಡುವೆ ಮೂರು ಬಿದ್ದಾಗ ಒಂದು, ನಾಲ್ಕನೆಯದಕ್ಕೆ ಒಂದು, ಐದನೆಯದಕ್ಕೆ ಒಂದು. ಪ್ರತಿ ಸುತ್ತಿನಲ್ಲೂ ಎದುರಿನವರು ಹಾಕಿದಷ್ಟೇ ಹಾಕಬಹುದು, ಏರಿಸಬಹುದು, ಇಲ್ಲವೇ ಎಲೆ ಕೆಳಗಿಟ್ಟು ಹೊರಬರಬಹುದು. ತೀನ್ ಪತ್ತಿಯಲ್ಲಿ ಪ್ಯಾಕ್ ಅನ್ನುವುದನ್ನು ಪೋಕರ್‌ನಲ್ಲಿ ಫೋಲ್ಡ್ ಅನ್ನುತ್ತಾರೆ.

ತೀನ್ ಪತ್ತಿಯ ಅಭ್ಯಾಸ ಎಲ್ಲಿ ಕೈಕೊಡುತ್ತದೆ?

ತೀನ್ ಪತ್ತಿ ಆಡಿದವರು ಎಡವುವುದು ಇಲ್ಲೇ. ಅಲ್ಲಿ ಸೀಕ್ವೆನ್ಸ್ ದೊಡ್ಡದು, ಕಲರ್ ಅದಕ್ಕಿಂತ ಚಿಕ್ಕದು. ಪೋಕರ್‌ನಲ್ಲಿ ಇದು ತಲೆಕೆಳಗು: ಕಲರ್ ದೊಡ್ಡದು, ಸೀಕ್ವೆನ್ಸ್ ಚಿಕ್ಕದು. ಇದು ಯಾರೋ ಮನಸ್ಸಿಗೆ ಬಂದಂತೆ ಮಾಡಿದ ನಿಯಮವಲ್ಲ, ಎಣಿಕೆಯಿಂದ ಬಂದದ್ದು.

52 ಎಲೆಗಳಿಂದ ಮೂರು ಎಲೆ ತೆಗೆಯಲು 22,100 ದಾರಿಗಳಿವೆ. ಅದರಲ್ಲಿ ಸೀಕ್ವೆನ್ಸ್ ಆಗುವುದು 720, ಕಲರ್ ಆಗುವುದು 1,096. ಅಪರೂಪದ್ದಕ್ಕೆ ಹೆಚ್ಚು ಬೆಲೆ, ಹಾಗಾಗಿ ಅಲ್ಲಿ ಸೀಕ್ವೆನ್ಸ್ ಮೇಲು. ಐದು ಎಲೆ ತೆಗೆಯಲು 25,98,960 ದಾರಿಗಳು. ಅದರಲ್ಲಿ ಸೀಕ್ವೆನ್ಸ್ 10,200, ಕಲರ್ ಬರೀ 5,108. ಐದೂ ಎಲೆ ಒಂದೇ ಜಾತಿಯವಾಗಿ ಸಿಗುವುದು ಕಷ್ಟ, ಹಾಗಾಗಿ ಇಲ್ಲಿ ಕಲರ್ ಮೇಲು.

ಒಂದು ಸ್ವಾರಸ್ಯವೂ ಇದೆ. ತೀನ್ ಪತ್ತಿಯಲ್ಲಿ ಮೂರು ಎಕ್ಕ, ಮೂರು ರಾಜನಂತಹ ಟ್ರೈಲ್ ಎಲ್ಲಕ್ಕಿಂತ ಮೇಲು. ಆದರೆ ಟ್ರೈಲ್ ಬರುವ ದಾರಿಗಳು 52, ಅದರ ಕೆಳಗಿನ ಪ್ಯೂರ್ ಸೀಕ್ವೆನ್ಸ್‌ಗೆ 48. ಅಂದರೆ ಲೆಕ್ಕದ ಪ್ರಕಾರ ಎರಡನೇ ಸ್ಥಾನದಲ್ಲಿರುವುದೇ ಹೆಚ್ಚು ಅಪರೂಪ! ರೂಢಿ ಮತ್ತು ಲೆಕ್ಕ ಯಾವಾಗಲೂ ಒಂದೇ ದಾರಿಯಲ್ಲಿ ಹೋಗುವುದಿಲ್ಲ.

ಪೋಕರ್‌ನಲ್ಲಿ ಅದೇ ಮೂರು ಒಂದೇ ಬಗೆಯ ಎಲೆಗಳು ನಡುವಿನ ಸ್ಥಾನಕ್ಕೆ ಇಳಿಯುತ್ತವೆ. ಸೀಕ್ವೆನ್ಸ್, ಕಲರ್, ಮೂರು ಮತ್ತು ಎರಡು ಸೇರಿದ ಫುಲ್ ಹೌಸ್, ನಾಲ್ಕು ಒಂದೇ ಎಲೆ, ಪ್ಯೂರ್ ಸೀಕ್ವೆನ್ಸ್ ಎಲ್ಲವೂ ಅದನ್ನು ಸೋಲಿಸುತ್ತವೆ. ಕೈಗೆ ಮೂರು ರಾಣಿ ಬಂದ ಕೂಡಲೇ ಇದ್ದದ್ದನ್ನೆಲ್ಲ ನಡುವಿಗೆ ತಳ್ಳಿಬಿಡುವ ಅಭ್ಯಾಸ ಇಲ್ಲಿ ದುಬಾರಿ.

ಹುಣಸೆಬೀಜದಲ್ಲಿ ಕಲಿಯೋಣ

ಪೋಕರ್ ಕಲಿಯಲು ದುಡ್ಡು ಬೇಕಾಗಿಲ್ಲ. ಚೌಕಾಬಾರಕ್ಕೆ ಬಳಸುವ ಹುಣಸೆಬೀಜ ಸಾಕು. ಒಂದು ಲೆಕ್ಕ ಮಾಡೋಣ.

ನಡುವೆ ನಾಲ್ಕು ಎಲೆ ಬಿದ್ದಿವೆ. ನಮ್ಮ ಕೈಯದೂ ನಡುವಿನದೂ ಸೇರಿ ನಾಲ್ಕು ಕಳಾವರ್ ಇವೆ, ಇನ್ನೊಂದು ಬಂದರೆ ಕಲರ್. ನಡುವೆ 20 ಬೀಜ ಇದ್ದವು, ಎದುರಿನವರು 10 ಹಾಕಿದರು, ಈಗ 30. ಆಟದಲ್ಲಿ ಉಳಿಯಲು ನಾವೂ 10 ಹಾಕಬೇಕು. ಹಾಕಬೇಕೇ?

ನಾವು ಕಾಣದ ಎಲೆಗಳು 46. ಅದರಲ್ಲಿ ಕಳಾವರ್ 9. ಇದೇ ಸನ್ನಿವೇಶ 46 ಸಲ ಬಂತು ಎಂದುಕೊಳ್ಳೋಣ. ಕಲರ್ ಆದ 9 ಸಲವೂ ನಾವೇ ಗೆದ್ದೆವು ಅಂದರೆ 30ರಂತೆ 270 ಬೀಜ ಲಾಭ. ಉಳಿದ 37 ಸಲ 10ರಂತೆ 370 ನಷ್ಟ. ಒಟ್ಟಿನಲ್ಲಿ 100 ಬೀಜ ಹೋದವು. ಕೊನೆಯ ಎಲೆ ಬಿದ್ದ ಮೇಲೆ ಎದುರಿನವರಿಂದ ಇನ್ನಷ್ಟು ಬೀಜ ಬರುವ ಸೂಚನೆ ಇಲ್ಲದಿದ್ದರೆ ಎಲೆ ಕೆಳಗಿಡುವುದೇ ಸರಿ. ಪೋಕರ್‌ನಲ್ಲಿ ಕೌಶಲ ಎಂದರೆ ಬಹುಪಾಲು ಇದೇ: ಯಾವಾಗ ಬಿಡಬೇಕು ಎಂಬ ಲೆಕ್ಕ.

"ಐದು ಸಲ ಸೋತೆ, ಈಗ ನನ್ನ ಸರದಿ"

ಇದು ಎಲ್ಲ ಅಡ್ಡೆಗಳಲ್ಲೂ ಕೇಳುವ ಮಾತು, ಮತ್ತು ಪೂರ್ತಿ ತಪ್ಪು. ಚೆನ್ನಾಗಿ ಕಲಸಿದ ಎಲೆಗಳಿಗೆ ನೆನಪಿಲ್ಲ. ಹಿಂದಿನ ಐದು ಆಟ ಯಾರು ಸೋತರು ಎಂದು ಅವಕ್ಕೆ ಗೊತ್ತಿಲ್ಲ. ಅಂದರ್ ಬಾಹರ್‌ನಲ್ಲಿ ಮೊದಲ ಎಲೆ ಬೀಳುವ ಕಡೆ ಗೆಲ್ಲುವ ಸಾಧ್ಯತೆ ಸುಮಾರು ಶೇ. 51.5, ಇನ್ನೊಂದು ಕಡೆಗೆ ಶೇ. 48.5. ಹತ್ತು ಸಲ ಒಳಗೇ ಬಿದ್ದಿದ್ದರೂ ಹನ್ನೊಂದನೆಯ ಸಲ ಈ ಅಂಕಿ ಬದಲಾಗುವುದಿಲ್ಲ.

"ಕಳೆದುಕೊಂಡಲ್ಲೇ ಹುಡುಕಬೇಕು" ಎಂಬ ಮಾತು ಕಳೆದ ಉಂಗುರಕ್ಕೆ ಸರಿ, ಇಸ್ಪೀಟಿನಲ್ಲಿ ಹೋದ ದುಡ್ಡಿಗಲ್ಲ.

ಕೌಶಲವಿದ್ದರೆ ಲಾಭ ಖಚಿತವೇ?

ಆಟ ಆಡಿಸುವವರು ಪ್ರತಿ ಸುತ್ತಿನಲ್ಲೂ ತಮ್ಮ ಪಾಲು ತೆಗೆಯುತ್ತಾರೆ ಎಂಬುದನ್ನು ಮರೆಯಬಾರದು. ಒಂದು ಉದಾಹರಣೆ: ನಾಲ್ವರು ತಲಾ 500 ರೂಪಾಯಿ ಇಟ್ಟುಕೊಂಡು ಕೂತರು, ಒಟ್ಟು 2,000. ಪ್ರತಿ ಆಟದಲ್ಲಿ ಸರಾಸರಿ 200 ರೂಪಾಯಿ ನಡುವೆ ಬೀಳುತ್ತದೆ, ಆಡಿಸುವವರ ಪಾಲು ಶೇ. 5, ಅಂದರೆ 10 ರೂಪಾಯಿ. ಗಂಟೆಗೆ 20 ಆಟವಾದರೆ 200 ರೂಪಾಯಿ. ಇದೇ ಲೆಕ್ಕದಲ್ಲಿ ಹತ್ತು ಗಂಟೆ ನಡೆದರೆ ನಾಲ್ವರು ತಂದದ್ದೆಲ್ಲ ಅವರ ಜೇಬಿಗೆ. ಆಡುವವರೆಲ್ಲ ಜಾಣರೇ ಆಗಿದ್ದರೂ ಇದು ತಪ್ಪುವುದಿಲ್ಲ. ಆಲೂಗಡ್ಡೆ, ಕೊಬ್ಬರಿ, ಹೊಗೆಸೊಪ್ಪು ಮಾರಿದ ದುಡ್ಡು ವರ್ಷಕ್ಕೊಮ್ಮೆ ಒಟ್ಟಿಗೆ ಕೈಗೆ ಬರುವ ಮನೆಗಳಿಗೆ ಈ ಲೆಕ್ಕ ಬಹಳ ಮುಖ್ಯ. ಅದು ಮುಂದಿನ ಬಿತ್ತನೆಯ, ಮಕ್ಕಳ ಫೀಸಿನ ದುಡ್ಡು.

"ಹಬ್ಬದ ದಿನ ಆಡಿದರೆ ಕೇಸಿಲ್ಲ"

ಇದೂ ಸುಳ್ಳು. ಜೂಜನ್ನು ನಿಷೇಧಿಸುವ ಕರ್ನಾಟಕ ಪೊಲೀಸ್ ಕಾಯ್ದೆ, 1963ರಲ್ಲಿ ಯುಗಾದಿಗೂ ದೀಪಾವಳಿಗೂ ವಿನಾಯಿತಿ ಇಲ್ಲ. ಕೌಶಲದ ಆಟಗಳಿಗೆ ಮಾತ್ರ 176ನೇ ಕಲಂ ವಿನಾಯಿತಿ ಕೊಡುತ್ತದೆ. 1967ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟ ಎಂದಿತು, ಮೂರೆಲೆಯ ಆಟವನ್ನು ಅದೃಷ್ಟದ ಆಟ ಎಂದಿತು. ಪೋಕರ್ ವಿಷಯದಲ್ಲಿ ನ್ಯಾಯಾಲಯಗಳ ನಿಲುವು ಒಂದೇ ರೀತಿ ಇಲ್ಲ. 2017ರಲ್ಲಿ ಗುಜರಾತ್ ಹೈಕೋರ್ಟ್ ಅದನ್ನು ಜೂಜು ಎಂದೇ ಪರಿಗಣಿಸಿತು. ಇನ್ನು ಮೊಬೈಲ್‌ನಲ್ಲಿ ದುಡ್ಡು ಕಟ್ಟಿ ಆಡುವ ಆಟಗಳನ್ನು, ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ, ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು.

ಆಟ ಯಾವಾಗ ಕಾಯಿಲೆ?

ಜೂಜಿನ ಚಟ ಬರೀ ಕೆಟ್ಟ ಬುದ್ಧಿಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲಿ ಅದಕ್ಕೂ ಜಾಗವಿದೆ. ಹೋದದ್ದನ್ನು ವಾಪಸ್ ತರಲೆಂದೇ ಮತ್ತೆ ಕೂರುವುದು, ಮನೆಯವರಿಗೆ ಸುಳ್ಳು ಹೇಳುವುದು, ಸಾಲ ಮಾಡಿ ಆಡುವುದು, ಬಿಡಬೇಕೆಂದರೂ ಬಿಡಲಾಗದಿರುವುದು ಇದರ ಲಕ್ಷಣಗಳು. ಬೈದು, ಹೊಡೆದು, ದೇವರ ಮುಂದೆ ಆಣೆ ಮಾಡಿಸಿದರಷ್ಟೇ ಸಾಲದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉಚಿತವಾಗಿ ಮಾತಾಡಬಹುದು. ಸರ್ಕಾರಿ ಆಸ್ಪತ್ರೆಯ ಮನೋವೈದ್ಯರನ್ನೂ ಕಾಣಬಹುದು.

ಪೋಕರ್ ಕಲಿಯುವುದು ತಪ್ಪಲ್ಲ. ಸಾಧ್ಯತೆಗಳ ಗಣಿತವನ್ನು ಇಷ್ಟು ಚೆನ್ನಾಗಿ ಕಲಿಸುವ ಆಟಗಳು ಕಡಿಮೆ. ಕಲಿಯುವವರು ಮೊದಲು ಎಲೆಗಳ ಕ್ರಮವನ್ನು ಬಾಯಿಪಾಠ ಮಾಡಿ, ಆಮೇಲೆ ಬೀಜ ಇಟ್ಟುಕೊಂಡು ನೂರು ಆಟ ಆಡಿ ಬರೆದಿಡಲಿ. ಬೀಜಗಳು ಎಷ್ಟು ಬೇಗ ಖಾಲಿಯಾಗುತ್ತವೆ ಎಂಬುದೇ ಮೊದಲ ಪಾಠ.