ಶಾಲೆಯ ಚೀಲದಲ್ಲಿ ಮೊಬೈಲ್ ಬೇಕೆ?

ಒಂಬತ್ತನೇ ತರಗತಿಯ ಹುಡುಗನೊಬ್ಬನನ್ನು ಆತನ ತಾಯಿ ನನ್ನ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. "ಡಾಕ್ಟ್ರೇ, ಹದಿನೈದು ದಿನದಿಂದ ತಲೆನೋವು ಅಂತಾನೆ. ಪಾಠದ ಮೇಲೆ ಗಮನವೇ ಇಲ್ಲ ಅಂತ ಟೀಚರ್ ಹೇಳ್ತಾರೆ. ಒಂದು ಸ್ಕ್ಯಾನ್ ಮಾಡಿಸೋಣವೇ?" ಎಂದರು.

ಪರೀಕ್ಷಿಸಿ ನೋಡಿದೆ. ಜ್ವರವಿಲ್ಲ, ರಕ್ತದೊತ್ತಡ ಸರಿಯಾಗಿದೆ, ದೃಷ್ಟಿದೋಷವೂ ಇಲ್ಲ. ದಿನಚರಿ ವಿಚಾರಿಸಿದಾಗ ವಿಷಯ ಹೊರಬಿತ್ತು. ಮಲಗುವುದು ರಾತ್ರಿ ಹನ್ನೆರಡೂವರೆಗೆ. ಶಾಲೆಯಲ್ಲಿ ಮೊಬೈಲ್ ತರಬಾರದೆಂಬ ನಿಯಮವಿದ್ದರೂ ಚೀಲದ ತಳದಲ್ಲಿ ಫೋನು. ವಿರಾಮದಲ್ಲಿ ಶೌಚಾಲಯದೊಳಗೆ ನಿಂತು ನೋಡುವುದು. ಮಗನನ್ನು ಗದರಿಸಲು ಹೊರಟ ತಾಯಿ ಅರ್ಧಕ್ಕೇ ನಿಂತರು. "ಕೊಟ್ಟು ಕಳಿಸಿದ್ದು ನಾನೇ ಡಾಕ್ಟ್ರೇ. ಬಸ್ಸು ತಪ್ಪಿದರೆ ತಿಳಿಯಬೇಕಲ್ಲ?"

ಆ ತಾಯಿಯ ಭಯ ಸಹಜವಾದದ್ದೇ. ಆದರೆ ಅದಕ್ಕೆ ಮಗು ತೆರುತ್ತಿರುವ ಬೆಲೆಯನ್ನೂ ನಾವು ತಿಳಿದಿರಬೇಕು.

ಗಮನ ಏಕೆ ಕೆಡುತ್ತದೆ?

ನಮ್ಮ ಮಿದುಳು ಏಕಕಾಲದಲ್ಲಿ ಎರಡು ವಿಷಯಗಳಿಗೆ ಪೂರ್ಣ ಗಮನ ಕೊಡಲಾರದು. ಮೊಬೈಲಿನಿಂದ ಒಮ್ಮೆ ವಿಚಲಿತನಾದ ವಿದ್ಯಾರ್ಥಿ ಮತ್ತೆ ಪಾಠಕ್ಕೆ ಮರಳಲು 20 ನಿಮಿಷದವರೆಗೂ ಹಿಡಿಯಬಹುದೆಂದು 2023ರ ಯುನೆಸ್ಕೊ ವರದಿ ಹೇಳಿದೆ. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಅದು ಅರ್ಧ ಪಾಠ!

ಕಣ್ಣು, ಕತ್ತಿಗೂ ತೊಂದರೆ

ಪರದೆಯನ್ನು ದಿಟ್ಟಿಸುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ, ಉರಿಯುತ್ತದೆ. ಸದಾ ತಲೆ ಬಗ್ಗಿಸಿರುವುದರಿಂದ ಕತ್ತಿನ ಸ್ನಾಯುಗಳು ಬಿಗಿದು ತಲೆನೋವು ಬರುತ್ತದೆ. ಹಗಲಿನಲ್ಲಿ ಬಯಲಿನಲ್ಲಿ ಆಡುವ ಮಕ್ಕಳಲ್ಲಿ ಸಮೀಪದೃಷ್ಟಿ ದೋಷ ಕಡಿಮೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಆಟದ ವಿರಾಮವನ್ನೂ ಮೊಬೈಲ್ ಕಸಿದುಕೊಂಡರೆ ಈ ರಕ್ಷಣೆಯೂ ತಪ್ಪಿದಂತೆ.

ನಿಷೇಧವೊಂದೇ ಸಾಕೆ?

ಕೇಂದ್ರೀಯ ಪಠ್ಯಕ್ರಮದ ಸಿಬಿಎಸ್‌ಇ ಮಂಡಳಿ 2009ರಲ್ಲೇ ಶಾಲೆಗಳಲ್ಲಿ ಮೊಬೈಲ್ ಬಳಕೆಗೆ ಕಡಿವಾಣ ಹಾಕುವಂತೆ ಸೂಚಿಸಿತ್ತು. ಫ್ರಾನ್ಸ್ 2018ರಲ್ಲಿ ಕಾನೂನನ್ನೇ ತಂದಿತು. ಇಂಗ್ಲೆಂಡಿನಲ್ಲಿ ಮೊಬೈಲ್ ನಿಷೇಧಿಸಿದ ಶಾಲೆಗಳಲ್ಲಿ, ಓದಿನಲ್ಲಿ ಹಿಂದುಳಿದ ಮಕ್ಕಳಿಗೇ ಹೆಚ್ಚು ಲಾಭವಾಯಿತೆಂದು 2015ರ ಅಧ್ಯಯನವೊಂದು ತೋರಿಸಿತು. ಆದರೆ ಅಲ್ಲಿಯದೇ 2025ರ ಇನ್ನೊಂದು ಅಧ್ಯಯನದ ಪ್ರಕಾರ, ಶಾಲೆಯ ನಿಯಮ ಮಾತ್ರದಿಂದ ಮಕ್ಕಳ ಮನಸ್ಸಿನ ಆರೋಗ್ಯ ಸುಧಾರಿಸಲಿಲ್ಲ. ಇಡೀ ದಿನದ ಒಟ್ಟು ಬಳಕೆ ಹೆಚ್ಚಿದ್ದವರಲ್ಲಿ ನಿದ್ರೆ, ಮನಃಸ್ಥಿತಿ ಎರಡೂ ಕೆಟ್ಟಿದ್ದವು. ಅಂದರೆ ಶಾಲೆ ಹಗಲನ್ನು ಕಾಯಬಲ್ಲದು. ರಾತ್ರಿಯನ್ನು ಕಾಯಬೇಕಾದವರು ನಾವು.

ಪೋಷಕರಿಗೆ ಕೆಲವು ಸಲಹೆಗಳು

1. ಶಾಲಾ ಕಚೇರಿಯ ದೂರವಾಣಿ ಸಂಖ್ಯೆ ಬರೆದಿಟ್ಟುಕೊಳ್ಳಿ. ತುರ್ತಿದ್ದರೆ ಅಲ್ಲಿಗೇ ಕರೆಮಾಡಿ.

2. ದೂರದಿಂದ ಬರುವ ಮಗುವಿಗೆ ಫೋನು ಅನಿವಾರ್ಯವಾದರೆ ಬಟನ್ ಫೋನು ಸಾಕು. ಶಾಲೆಯ ಅನುಮತಿ ಪಡೆದು, ಬೆಳಿಗ್ಗೆ ಕಚೇರಿಯಲ್ಲಿ ಕೊಟ್ಟು ಸಂಜೆ ಪಡೆಯಲಿ.

3. ಮಧುಮೇಹವಿರುವ ಕೆಲವು ಮಕ್ಕಳು ಸಕ್ಕರೆ ಪ್ರಮಾಣ ನೋಡಲು ಮೊಬೈಲ್ ಬಳಸುತ್ತಾರೆ. ಅಂಥವರಿಗೆ ವಿನಾಯಿತಿ ಇರಲೇಬೇಕು. ವೈದ್ಯರ ಪತ್ರವನ್ನು ಶಾಲೆಗೆ ನೀಡಿ.

4. ಹದಿಹರೆಯದವರಿಗೆ 8ರಿಂದ 10 ಗಂಟೆ ನಿದ್ರೆ ಬೇಕು. ಮಲಗುವ ಒಂದು ಗಂಟೆ ಮೊದಲು ಮನೆಯ ಎಲ್ಲ ಫೋನುಗಳೂ ಹಜಾರದಲ್ಲಿರಲಿ, ಅಪ್ಪನದೂ ಸೇರಿ.

5. ತಲೆನೋವಿನ ಜೊತೆ ವಾಂತಿ, ದೃಷ್ಟಿ ಮಂಜಾಗುವುದು ಅಥವಾ ನೋವಿನಿಂದ ನಿದ್ರೆಯಲ್ಲಿ ಎಚ್ಚರವಾಗುವುದು ಕಂಡುಬಂದರೆ ಮೊಬೈಲನ್ನು ದೂರುತ್ತ ಕೂರದೆ ತಕ್ಷಣ ವೈದ್ಯರನ್ನು ಕಾಣಿ.

ಆ ಹುಡುಗನಿಗೆ ನಾನು ಮಾತ್ರೆ ಬರೆಯಲಿಲ್ಲ. ಮೂರು ವಾರದ ನಂತರ ಬಂದಾಗ ತಲೆನೋವು ಬಹುಪಾಲು ಇಳಿದಿತ್ತು. "ಈಗ ಹತ್ತು ಗಂಟೆಗೇ ಮಲಗ್ತಾನೆ. ಆದರೆ ಅವನು ಮನೆ ಸೇರುವವರೆಗೂ ನನಗೇ ಸಮಾಧಾನವಿರಲ್ಲ ಡಾಕ್ಟ್ರೇ" ಎಂದರು ತಾಯಿ. ಹುಡುಗ ನಕ್ಕ. ಆ ಸಂಜೆಯ ಕಾಯುವಿಕೆ ನಮ್ಮ ತಂದೆತಾಯಂದಿರಿಗೂ ಇತ್ತು. ನಾವು ಮನೆ ಸೇರುತ್ತಿದ್ದೆವು.