ಹಲ್ಲು ತಿರುಗಿಸಿ ಬೆಟ್ಟ ಹತ್ತಿದ ರೈಲು

ನಮ್ಮ ಊಟಿ ರೈಲಿನ ಅತಿ ಕಡಿದಾದ ಏರು 12ಕ್ಕೆ 1, ಅಂದ್ರೆ ಸುಮಾರು 8 ಪರ್ಸೆಂಟ್. ಸ್ವಿಟ್ಜರ್ಲೆಂಡಿನ ಪಿಲಾಟಸ್ ಬೆಟ್ಟದ ರೈಲು ಹತ್ತೋದು 48 ಪರ್ಸೆಂಟ್! ಜಾರಲ್ವಾ?

ಘರ್ಷಣೆಯನ್ನಷ್ಟೇ ನಂಬಿದ್ರೆ ಖಂಡಿತ ಜಾರುತ್ತೆ. ಅದಕ್ಕೇ ಬೆಟ್ಟದ ರೈಲುಗಳಲ್ಲಿ ಹಳಿಗಳ ನಡುವೆ ಹಲ್ಲಿನ ಪಟ್ಟಿ ಇರುತ್ತೆ, ಗೇರ್ ಅದನ್ನು ಕಚ್ಚಿಕೊಂಡು ಹತ್ತುತ್ತೆ. ಆದರೆ ಪ್ರೆಶರ್ ಆ್ಯಂಗಲ್ ನೆನಪಿದೆಯಲ್ಲ? ಹಲ್ಲು ಮುಂದಕ್ಕೆ ತಳ್ಳುವುದರ ಜೊತೆಗೆ ಗೇರನ್ನು ಪಟ್ಟಿಯಿಂದ ಆಚೆಗೂ ತಳ್ಳುತ್ತದೆ. ಸಾಮಾನ್ಯವಾಗಿ ಗಾಡಿಯ ಭಾರವೇ ಅದನ್ನು ಒತ್ತಿ ಹಿಡಿಯುತ್ತೆ. ಏರು ಕಡಿದಾದಷ್ಟೂ ತಳ್ಳುವ ಬಲ ಹೆಚ್ಚು, ಒತ್ತುವ ಭಾರ ಕಡಿಮೆ. ಗೇರ್ ಹಲ್ಲು ಬಿಟ್ಟು ಮೇಲೆದ್ದರೆ ಗಾಡಿ ಪ್ರಪಾತಕ್ಕೆ.

ಎಂಜಿನಿಯರ್ ಎಡ್ವರ್ಡ್ ಲೋಖರ್ ಹಲ್ಲುಗಳನ್ನು ಮೇಲ್ಮುಖವಾಗಿಡದೆ ಎಡಬಲಕ್ಕೆ ತಿರುಗಿಸಿದರು. ಎರಡು ಗೇರುಗಳು ಪಟ್ಟಿಯನ್ನು ಎರಡೂ ಕಡೆಯಿಂದ ಕಚ್ಚುತ್ತವೆ. ಆಚೆಗೆ ತಳ್ಳುವ ಬಲಗಳು ಒಂದನ್ನೊಂದು ರದ್ದು ಮಾಡುತ್ತವೆ. ಗೇರಿನ ಕೆಳಗಿನ ಅಂಚು ಪಟ್ಟಿಯ ಅಡಿಗೆ ಸಿಕ್ಕಿರೋದ್ರಿಂದ ಗಾಡಿ ಮೇಲೇಳೋದೂ ಇಲ್ಲ.

ಇದರಿಂದ ಉಳಿದದ್ದು ದುಡ್ಡು. ಮೊದಲಿದ್ದ 25 ಪರ್ಸೆಂಟ್ ಏರಿನ ಯೋಜನೆಗಿಂತ ದಾರಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. 1889ರಲ್ಲಿ ಶುರುವಾದ ಈ ರೈಲು ಸರೋವರದ ದಡದಿಂದ ಸುಮಾರು 4.6 ಕಿ.ಮೀ.ಯಲ್ಲೇ 1,600 ಮೀಟರಿಗೂ ಹೆಚ್ಚು ಎತ್ತರಕ್ಕೆ ಏರುತ್ತೆ. ಕಿಟಕಿಯಾಚೆ ಆಲ್ಪ್ಸ್ ಸಾಲು ನೋಡಲು ಚೆಂದವೇ. ನಮ್ಮಂಥವರು ಮಾತ್ರ ಒಮ್ಮೆ ಹಳಿಯ ಮಧ್ಯೆಯೂ ಇಣುಕಬೇಕು.